ಇಪ್ಪತ್ತಮೂರನೆಯ ಚೀಟಿ

ಕಾಲರಿಗೆ ಇಸ್ತ್ರಿ ಹಾಕುವಾಗ ತುದಿಯಿಂದ ನಡುವಿಗೆ ಬರಬೇಕು. ನಡುವಿನಿಂದ ತುದಿಗೆ ಹೋದರೆ ಸುಕ್ಕೆಲ್ಲ ಮೂಲೆಗೆ ಹೋಗಿ ಕೂತುಬಿಡುತ್ತದೆ. ಎಡತುದಿ ಮುಗಿಸಿ ಬಲತುದಿಗೆ ಬರುವಷ್ಟರಲ್ಲಿ ನಾದಿನಿ ಬಂದು ಅವಳ ಮುಂಗೈ ಹಿಡಿದಳು.

"ಬಿಡಿ ಅತ್ತಿಗೆ. ಇವತ್ತೂ ಇಸ್ತ್ರಿ ಮಾಡ್ತಾ ನಿಂತ್ರೆ ಬಂದೋರು ಏನಂದ್ಕೋತಾರೆ?"

"ಕೈ ತೆಗಿ, ಸುಟ್ಕೋತೀಯ."

"ಆ ಅಂಗೀನ ಹಿಂದಿನಿಂದ ಕತ್ತರಿಸಿ ತೊಡಿಸ್ತಾರಂತೆ. ಮುಂದೆ ಒಂದು ಸಲ ಎಳೆದ್ರೆ ಸಾಕು. ಬೆನ್ನು ಯಾರು ನೋಡ್ತಾರೆ?"

"ನಾನು ನೋಡ್ತೀನಿ" ಎಂದು ಅವಳು ಅಂಗಿಯನ್ನು ಮಗುಚಿ, ಬೆನ್ನಿಗೆ ನೀರು ಚಿಮುಕಿಸಿದಳು.

ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತವಳು ಅವಳು. ಊಟಕ್ಕೆ ಬಿಟ್ಟಾಗಲೂ ಕೂರುತ್ತಿರಲಿಲ್ಲ, ಗೋಡೆಗೆ ಒರಗಿ ಡಬ್ಬಿ ಕೈಯಲ್ಲಿ ಹಿಡಿದೇ ಉಣ್ಣುತ್ತಿದ್ದಳು. ಕೂತರೆ ಏಳುವುದಕ್ಕೆ ಇನ್ನೊಂದಿಷ್ಟು ಕೆಲಸ ಎಂಬುದು ಅವಳ ಲೆಕ್ಕಾಚಾರ. ಜೊತೆಯವರು ಅವಳಿಗೆ 'ನಿಂತಮ್ಮ' ಎಂದು ಹೆಸರಿಟ್ಟಿದ್ದರು. ಆ ಹೆಸರು ಆಸ್ಪತ್ರೆಯ ಗೇಟು ದಾಟಿ ಬೀದಿಗೆ ಬಂದು, ಕೊನೆಗೆ ಅವಳ ಗಂಡನ ಬಾಯಿಗೂ ಬಂದಿತ್ತು. ಈಗ ಆ ಗಂಡ ಹಜಾರದಲ್ಲಿ, ಎರಡು ಬೆಂಚು ಜೋಡಿಸಿ ಮಾಡಿದ ಜಾಗದಲ್ಲಿ, ಬನಿಯನ್ನಿನಲ್ಲಿ ಮಲಗಿದ್ದ. ಅಂಗಿಗಾಗಿ ಕಾಯುತ್ತಿದ್ದ ಎಂದರೂ ತಪ್ಪಿಲ್ಲ. ಕಾಯುವುದು ಅವನಿಗೆ ಜೀವಮಾನದ ಅಭ್ಯಾಸ.

ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಅವಳ ಭುಜ ಮುಟ್ಟಿ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಕೊನೇಲಿ ಏನಾದ್ರೂ ಮಾತಾಡಿದ್ರಾ?" ಪಕ್ಕದ ಮನೆಯಾಕೆ ಕೇಳಿದಳು, ಹಾಲಿನವನು ಕೇಳಿದ, ಇಪ್ಪತ್ತು ವರ್ಷದಿಂದ ಮುಖ ತೋರಿಸದ ದಾಯಾದಿಯೊಬ್ಬ ಕೇಳಿದ. ಸತ್ತವರ ಬಾಯಿಂದ ಏನಾದರೂ ಬುತ್ತಿ ಕಟ್ಟಿಸಿಕೊಂಡು ಹೋಗದೆ ಜನಕ್ಕೆ ಸಮಾಧಾನವಿಲ್ಲ. ಕೊನೆಗೆ ಪಾದ್ರಿಯೂ ಬಂದ. ಹೊಸಬ, ಒಳ್ಳೆಯ ಹುಡುಗ, ಮಾತಿಗೆ ಮುಂಚೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದ.

"ಅಮ್ಮ, ದೇವಾಲಯದಲ್ಲಿ ನಾಲ್ಕು ಮಾತು ಹೇಳ್ಬೇಕು ನಾನು. ಅವರು ಹೋಗೋ ಮುಂಚೆ ಏನಂದ್ರು?"

ಗಂಡ ಏನೂ ಅಂದಿರಲಿಲ್ಲ. ಅಂದವಳು ನಿಂತಮ್ಮ. ಅಂದು, ಹೊರಟು, ಮನೆಗೆ ಬಂದು ಮಲಗಿಬಿಟ್ಟಿದ್ದಳು.

"ಪ್ರಾರ್ಥನೆ" ಎಂದಳು. ಬಾಯಿಗೆ ಮೊದಲು ಸಿಕ್ಕಿದ್ದು ಅದೇ. "ಪ್ರಾರ್ಥನೆ ಮಾಡ್ತಿದ್ರು."

"ನೀವು ಪಕ್ಕದಲ್ಲೇ ಇದ್ರಿ ಅಲ್ವಾ?"

"ಕೈ ಹಿಡ್ಕೊಂಡಿದ್ರು ನಮ್ಮತ್ತಿಗೆ" ಎಂದು ನಾದಿನಿ ಅಡ್ಡಬಾಯಿ ಹಾಕಿದಳು. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅಣ್ಣನ ಸಾವು ನೆಟ್ಟಗಿರಬೇಕೆಂದು ಅವಳೇ ಅಷ್ಟು ಸೇರಿಸಿಕೊಂಡಿದ್ದಳು. ಪಾದ್ರಿ ಅದನ್ನೂ ಬರೆದುಕೊಂಡ.

ನಿಂತಮ್ಮ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಬಿಸಿ ಅಂಗಿಯನ್ನು ಎರಡು ಕೈಗಳ ಮೇಲೆ ಹಾಸಿಕೊಂಡು ಹಜಾರಕ್ಕೆ ನಡೆದಳು. ಆಸ್ಪತ್ರೆಯವರು ಕೊಟ್ಟ ಚೀಲವನ್ನು ನಾದಿನಿ ಆಗಲೇ ಬಿಚ್ಚಿದ್ದಳು. ಲೋಟ, ಟವೆಲ್ಲು, ಕನ್ನಡಕ.

"ಕನ್ನಡಕ ಇಲ್ದೇ ಇದ್ರೆ ಇವನು ನಮ್ಮಣ್ಣ ಅಂತ ಅನ್ಸೋದೇ ಇಲ್ಲ" ಎಂದು ಅದನ್ನು ಅವನ ಮೂಗಿಗೆ ಏರಿಸಿ, ಅದರ ಖಾಲಿ ಡಬ್ಬಿಯನ್ನು ಅತ್ತಿಗೆಯ ಕೈಗಿಟ್ಟಳು. ಡಬ್ಬಿ ಖಾಲಿಯಲ್ಲ ಎಂಬುದು ನಿಂತಮ್ಮನಿಗೆ ಗೊತ್ತು. ಒರೆಸುವ ಬಟ್ಟೆಯ ಕೆಳಗೆ ಆ ಹಾಳು ಚೀಟಿ ಇದ್ದೇ ಇರುತ್ತದೆ. ಅವಳು ತೆರೆಯದೆ ಕೈಚೀಲದ ತಳಕ್ಕೆ ತುರುಕಿದಳು.

* * *

ಗಂಡ ಕೆಲಸಕ್ಕಿದ್ದದ್ದು ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಅಲ್ಲಿ ಗ್ರೀಕ್ ಕಲಿಸುತ್ತಿದ್ದ ಮೇಷ್ಟ್ರೊಬ್ಬರೂ ಇನ್ನಿಬ್ಬರೂ ಕೂತು ಕ್ರೈಸ್ತ ಶಾಸ್ತ್ರಗ್ರಂಥವನ್ನು ಗ್ರೀಕಿನಿಂದ ಜನ ಆಡುವ ಮಾತಿಗೆ ತರುತ್ತಿದ್ದರು. ಇವನಿಗೆ ಗ್ರೀಕಿನ ಗಂಧವಿರಲಿಲ್ಲ. ಅಕ್ಷರ ದುಂಡಗಿತ್ತು, ಕಿವಿ ಚುರುಕಾಗಿತ್ತು, ಅಷ್ಟೇ. ಚೀಟಿ ಗುಮಾಸ್ತ ಎಂದು ತೆಗೆದುಕೊಂಡರು.

ಆ ಕಚೇರಿಯ ರೀತಿಯೇ ಬೇರೆ. ಒಂದೊಂದು ಗ್ರೀಕ್ ಕ್ರಿಯಾಪದಕ್ಕೆ ಒಂದೊಂದು ಮರದ ಡಬ್ಬಿ. ಆ ಪದ ಗ್ರಂಥದಲ್ಲಿ ಎಷ್ಟು ಕಡೆ ಬರುತ್ತದೋ ಅಷ್ಟು ಚೀಟಿ. ಚೀಟಿಯ ಮುಖದ ಮೇಲೆ ಪದ, ಅದು ಬರುವ ಜಾಗ, ಆ ಕೆಲಸ ಮಾಡಿದವರು ಯಾರು ಎಂಬ ವಿವರ. ಬೆನ್ನ ಮೇಲೆ, ಅಚ್ಚಾದ ತಲೆಬರಹಗಳ ಎದುರು, ಬೀದಿಯಲ್ಲಿ ಯಾರೋ ನಿಜವಾಗಿ ಆಡಿದ ಒಂದು ಮಾತು. ಅದನ್ನು ಅವರು 'ಬೆನ್ನುಮಾತು' ಎನ್ನುತ್ತಿದ್ದರು. ಬೆನ್ನು ಖಾಲಿ ಇರುವತನಕ ಆ ಚೀಟಿಯ ಪದಕ್ಕೆ ಭಾಷಾಂತರ ನಿಕ್ಕಿಯಾಗುತ್ತಿರಲಿಲ್ಲ. ಕೇಳಿ ಹೇಳಿಸಿದ ಮಾತು ಸಲ್ಲದು, ತಾನಾಗಿ ಬಾಯಿಂದ ಉದುರಿರಬೇಕು. ಇದು ಮೇಷ್ಟ್ರ ಕಟ್ಟಾಜ್ಞೆ.

ಹಾಗಾಗಿ ಚೀಟಿ ಗುಮಾಸ್ತನ ಕೆಲಸ ಎಂದರೆ ಬಸ್ ನಿಲ್ದಾಣದಲ್ಲಿ, ಕ್ಷೌರದಂಗಡಿಯಲ್ಲಿ, ಗೋದಾಮಿನ ಬಾಗಿಲಲ್ಲಿ ಕಿವಿ ಬಿಟ್ಟುಕೊಂಡು ನಿಲ್ಲುವುದು. ಒಮ್ಮೆ ಹಮಾಲರು ಇವನನ್ನು ಮಾಲೀಕರ ಗೂಢಚಾರನೆಂದು ತಿಳಿದು ಕೊರಳಪಟ್ಟಿ ಹಿಡಿದಿದ್ದರು. ಆವತ್ತು ಮನೆಗೆ ಬಂದು, ಕಿತ್ತ ಗುಂಡಿ ಹಿಡಿದುಕೊಂಡು, ಹಿಗ್ಗಿನಿಂದ ಹೇಳಿದ್ದ. "ಒಳ್ಳೇ ಮಾತು ಬಿತ್ತು ಕಣೇ! ಹೊಡೆಯೋಕೆ ಬಂದೋನು ಏನಂದ ಗೊತ್ತಾ? 'ಬೆಳಗ್ಗಿಂದ ಹೊತ್ತು ಹೊತ್ತು ಮೂಳೆ ಕಳಚಿ ಬಿದ್ದಿದೆ, ನೀನು ಇಲ್ಲಿ ತಮಾಷೆ ನೋಡ್ತಿದೀಯಾ' ಅಂದ. ಕೊಪಿಯಾವೋಗೆ ಹೇಳಿ ಮಾಡಿಸಿದ ಹಾಗಿದೆ."

ಕೊಪಿಯಾವೋ. ಅವನಿಗೆ ಬರುತ್ತಿದ್ದ ಗ್ರೀಕೆಲ್ಲ ಅದೊಂದು ಪದ. ಮೈಮುರಿದು ದುಡಿಯುವುದಕ್ಕೂ ಅದೇ, ದುಡಿದ ಮೇಲೆ ಬರುವ ದಣಿವಿಗೂ ಅದೇ. ಇಪ್ಪತ್ತಮೂರು ಕಡೆ ಬರುತ್ತದೆ. ರಾತ್ರಿಯಿಡೀ ಬಲೆ ಎಳೆದು ಒಂದು ಮೀನೂ ಸಿಗದವರು ಅಲ್ಲಿದ್ದಾರೆ, ದುಡಿಯದೆಯೂ ಚೆಂದವಾಗಿರುವ ಹೊಲದ ಹೂಗಳಿವೆ, ಕಾಗದವೊಂದರ ಕೊನೆಯಲ್ಲಿ ತುಂಬಾ ದುಡಿದರೆಂದು ವಂದನೆ ಪಡೆದ ಹೆಂಗಸರಿದ್ದಾರೆ. ಆ ಹೆಂಗಸರ ವಿಷಯ ಕೇಳಿ ನಿಂತಮ್ಮ, "ಸದ್ಯ, ಒಬ್ರಾದ್ರೂ ಕಾಗದ ಬರೆದ್ರಲ್ಲ" ಎಂದಿದ್ದಳು. ಆ ಪದಕ್ಕೆ ಅವಳು ಇಟ್ಟ ಹೆಸರು ಸವತಿ. "ಇವತ್ತು ಸವತಿ ಹೇಗಿದ್ದಾಳೆ?" ಎಂದು ಸಂಜೆ ಕೇಳುವಳು.

ಇಪ್ಪತ್ತೆರಡು ಚೀಟಿಗಳ ಬೆನ್ನು ಮೂರು ವರ್ಷದಲ್ಲಿ ತುಂಬಿತು. ಒಂದು ಉಳಿಯಿತು. ನಡುಹಗಲಿನ ಬಿಸಿಲಲ್ಲಿ, ನಡೆದು ನಡೆದು ದಣಿದ ಸ್ವಾಮಿ ಒಂದು ಬಾವಿಯ ಪಕ್ಕ ಹಾಗೇ ಕೂತುಬಿಡುವ ಜಾಗ ಅದು. ಇವನು ತಂದ ಮಾತುಗಳನ್ನೆಲ್ಲ ಮೇಷ್ಟ್ರು ತಿರುಗಿಸಿ ಕೊಟ್ಟರು. "ಇಲ್ಲಿ ದೂರು ಇಲ್ಲಪ್ಪ. ನಡೆದ, ದಣಿದ, ಕೂತ. ಯಾರನ್ನೂ ಬೈಲಿಲ್ಲ. ಅಂಥದ್ದೊಂದು ಮಾತು ತಾ."

"ಎಲ್ರೂ ಯಾರನ್ನಾದ್ರೂ ಬೈದುಕೊಂಡೇ ದಣೀತಾರೆ ಕಣೇ" ಎಂದು ಅವನು ಒಂದು ಸಂಜೆ ಕನ್ನಡಕ ತೆಗೆದಿಟ್ಟು ಹೇಳಿದ. "ಮಾಲೀಕನ್ನ, ಸರ್ಕಾರಾನ, ಹೆಂಡತೀನ. ಬರೀ ದಣಿದೋರು ಸಿಗೋದೇ ಇಲ್ಲ." ಹಾಗೆನ್ನುತ್ತ ಅವಳತ್ತ ನೋಡಿದ.

ನಿಂತಮ್ಮನಿಗೆ ಆ ನೋಟ ತಕ್ಷಣ ಅರ್ಥವಾಯಿತು, ಪಿತ್ತ ನೆತ್ತಿಗೇರಿತು. ತಾನು ಹೊತ್ತುಕೊಂಡು ಬರುವ ದಣಿವಿಗೆ ಇವನು ಬಟ್ಟಲು ಹಿಡಿದು ಕೂತಿದ್ದಾನೆ! ಆವತ್ತಿನಿಂದ ಅವಳ ಬಾಯಿಗೆ ಬೀಗ ಬಿತ್ತು. ಕಾಲು ಬಾತುಕೊಂಡು ಬಂದ ದಿನವೂ, ಬೇಸಿಗೆಯಲ್ಲಿ ಹಬೆಗೆ ತಲೆ ತಿರುಗಿ ಬಿದ್ದು ಎದ್ದ ದಿನವೂ, "ಹೇಗಿತ್ತು ಇವತ್ತು?" ಎಂದರೆ "ಚೆನ್ನಾಗಿತ್ತು" ಎನ್ನುವಳು. ಅವನು ಬಿಸಿನೀರಿನ ಬಕೆಟ್ ತಂದಿಡುವನು. ಅವಳು ಅದರಲ್ಲಿ ಕಾಲಿಟ್ಟುಕೊಂಡು, ನಿಂತೇ, ತರಕಾರಿ ಹೆಚ್ಚುವಳು. ಅವನು ಎಂದೂ ಬಲವಂತ ಮಾಡಲಿಲ್ಲ. ಹೇಳಿಸಿದ್ದು ಸಲ್ಲುವುದಿಲ್ಲವಲ್ಲ.

ಕೊನೆಗೆ ಆ ಜಾಗಕ್ಕೆ ಯಾವುದೋ ಹಳೆಯ ಪದ ಹಾಕಿ ಪುಸ್ತಕ ಅಚ್ಚು ಮಾಡಿದರು, ಕಚೇರಿ ಮುಚ್ಚಿತು. ಅದೂ ಹದಿನಾಲ್ಕು ವರ್ಷದ ಮಾತಾಯಿತು. ಚೀಟಿ ಮಾತ್ರ ಕನ್ನಡಕದ ಡಬ್ಬಿಯಲ್ಲಿ ಉಳಿಯಿತು.

* * *

ದೇವಾಲಯದಲ್ಲಿ ಶವಪೆಟ್ಟಿಗೆ ಮುಂದಿತ್ತು. ಹಾಡು ಮುಗಿದು ಎಲ್ಲರೂ ಕೂತ ಮೇಲೂ ನಿಂತಮ್ಮ ಮೊದಲ ಸಾಲಿನಲ್ಲಿ ನಿಂತೇ ಇದ್ದಳು. ನಾದಿನಿ ತೋಳು ಹಿಡಿದು ಎಳೆದಾಗ ಬೆಂಚಿನ ಅಂಚಿಗೆ ಅರ್ಧ ಕೂತಳು.

ಪಾದ್ರಿ ಮಾತು ಆರಂಭಿಸುವಾಗ ಹಿಂದಿನ ಬಾಗಿಲಲ್ಲಿ ಸದ್ದಾಯಿತು. ಕೋಲೂರಿಕೊಂಡು ಗ್ರೀಕ್ ಮೇಷ್ಟ್ರು ಬರುತ್ತಿದ್ದರು. ಎಂಬತ್ತೈದು ದಾಟಿದೆ, ಕಿವಿ ಪೂರಾ ಮಂದ. ಕಂಕುಳಲ್ಲಿ ಒಂದು ಮರದ ಡಬ್ಬಿ. ನಡುದಾರಿಯಲ್ಲಿ ಎಲ್ಲರನ್ನೂ ಕಾಯಿಸುತ್ತ ನಡೆದು ಬಂದು, ನಿಂತಮ್ಮನ ಪಕ್ಕ ಕೂತು, ತಾನು ಮೆಲ್ಲಗೆ ಮಾತಾಡುತ್ತಿದ್ದೇನೆಂದು ತಿಳಿದು, "ತಡ ಆಯ್ತು ತಾಯಿ, ಬಸ್ಸು ಸಿಗಲಿಲ್ಲ" ಎಂದರು. ಕೊನೆಯ ಸಾಲಿನವರಿಗೂ ಕೇಳಿಸಿತು.

"ನಮ್ಮ ಈ ಸಹೋದರರು ಜೀವನವಿಡೀ ಶಾಸ್ತ್ರವಾಕ್ಯದ ಸೇವೆ ಮಾಡಿದರು" ಎಂದ ಪಾದ್ರಿ. "ಪ್ರಾರ್ಥಿಸುತ್ತ, ಮಡದಿಯ ಕೈಯಲ್ಲಿ ಕೈಯಿಟ್ಟುಕೊಂಡು, ಶಾಂತರಾಗಿ ಕಣ್ಣು ಮುಚ್ಚಿದರು. ಅಂಥ ಮರಣ ಎಷ್ಟು ಮಂದಿಗೆ ಸಿಗುತ್ತದೆ?"

"ಏನಂದ್ರು?" ಎಂದು ಮೇಷ್ಟ್ರು ಕೇಳಿದರು.

ನಿಂತಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಗಾಯ, ಇಸ್ತ್ರಿ ಹಿಡಿ ಉಜ್ಜಿ ಉಜ್ಜಿ ಬಂದ ಜಡ್ಡು. ಆ ಕೈಯನ್ನು ಅವನು ಕೊನೆಯಲ್ಲಿ ಹಿಡಿದಿರಲಿಲ್ಲ. ಹಿಂದಿನ ಸಾಲಿನ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. ಒಬ್ಬಳು ಅವಳ ಬೆನ್ನು ಸವರಿ, "ಪುಣ್ಯ ಮಾಡಿದ್ರಿ ಕಣ್ರೀ" ಎಂದು ಪಿಸುಗುಟ್ಟಿದಳು. ಎದ್ದು ಓಡಿಹೋಗಬೇಕೆನಿಸಿತು. ಓಡುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ.

* * *

ಆಸ್ಪತ್ರೆಯಲ್ಲಿ ಹನ್ನೊಂದು ದಿನ. ತಾನೇ ಮೂವತ್ತೊಂದು ವರ್ಷ ಇಸ್ತ್ರಿ ಮಾಡಿದ ಅದೇ ಹಾಸಿಗೆ ಬಟ್ಟೆಗಳ ಮೇಲೆ ಗಂಡ ಮಲಗಿದ್ದ. ಮಂಚದ ಪಕ್ಕ ಒಂದು ಸ್ಟೂಲಿತ್ತು, ಅದರ ಮೇಲೆ ಔಷಧಿ, ನೀರು, ಅವನ ಕನ್ನಡಕ. ಅವಳು ನಿಂತಿದ್ದಳು. ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ಚಮಚದಲ್ಲಿ ನೀರು ಬಿಟ್ಟಳು. ಐದನೆಯ ದಿನ ಅವನ ಮಾತು ನಿಂತಿತು. ಕಣ್ಣು ಮಾತ್ರ ಅವಳು ಹೋದ ಕಡೆಗೆಲ್ಲ ಹೋಗುತ್ತಿತ್ತು.

ಹನ್ನೊಂದನೆಯ ದಿನ, ಮಧ್ಯಾಹ್ನ ಒಂದು ಗಂಟೆ ಇರಬೇಕು. ದಿಂಬು ಸರಿಮಾಡಲು ಬಗ್ಗಿದವಳಿಗೆ ಮತ್ತೆ ನೆಟ್ಟಗಾಗಲು ಆಗಲಿಲ್ಲ. ಮಂಚದ ಕಬ್ಬಿಣದ ಪಟ್ಟಿ ಹಿಡಿದುಕೊಂಡಳು. ಏನೂ ಯೋಚಿಸಿರಲಿಲ್ಲ. ಮಾತು ತಾನೇ ಬಂತು.

"ದಣಿದು ಹೋಗಿದೀನಿ ರೀ. ಇನ್ನು ನಿಂತ್ಕೊಳ್ಳಕ್ಕಾಗಲ್ಲ."

ಅವನ ಕಣ್ಣು ಅಗಲವಾಯಿತು. ಹೊದಿಕೆಯ ಮೇಲಿದ್ದ ಬಲಗೈ ಅಲುಗಿತು. ಹೆಬ್ಬೆರಳೂ ತೋರುಬೆರಳೂ ಕೂಡಿಕೊಂಡು ಗಾಳಿಯಲ್ಲಿ ಗೀಚಿದವು. ಪೆನ್ಸಿಲ್ಲು ಕೇಳುತ್ತಿದ್ದ.

ನಿಂತಮ್ಮನಿಗೆ ಮೈಯೆಲ್ಲ ಉರಿಯಿತು. "ಈಗ್ಲೂ ಚೀಟೀನಾ?" ಎಂದಳು. "ಈಗ್ಲೂನಾ? ನಾನು ಮನುಷ್ಯಳು ಕಣ್ರೀ." ಅಷ್ಟು ಹೇಳಿ, ಅವನ ಮುಖ ನೋಡದೆ, ಚೀಲ ತೆಗೆದುಕೊಂಡು ಹೊರಟಳು. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಿದ್ದುಕೊಂಡಳು.

ಸಂಜೆ ಆರಕ್ಕೆ ಫೋನು. ಓಡಿ ಹೋದಾಗ ಎಲ್ಲ ಮುಗಿದಿತ್ತು. "ನಾಲ್ಕು ಗಂಟೆಗೇ ಉಸಿರು ಏರಿತ್ತು" ಎಂದಳು ನರ್ಸು. "ನಿಮಗೆ ಫೋನ್ ಮಾಡ್ತೀನಿ ಅಂದೆ. ಬೇಡ ಬೇಡ ಅಂತ ತಲೆ ಆಡಿಸಿದ್ರು."

ಬೇಡ. ಆ ಒಂದು ಮಾತು ಎರಡು ದಿನದಿಂದ ನಿಂತಮ್ಮನ ಎದೆಯಲ್ಲಿ ಮೊಳೆಯಂತೆ ಕೂತಿತ್ತು. ಕೊನೆಗಾಲದಲ್ಲಿ ಗಂಡನಿಗೆ ತನ್ನ ಮುಖ ಬೇಡವಾಯಿತು. ಅದಕ್ಕೆ ಕಾರಣವೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

* * *

ಸ್ಮಶಾನ ತಲುಪುವಾಗ ಹನ್ನೆರಡಾಗಿತ್ತು. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ಪೆಟ್ಟಿಗೆ ಇಳಿಸಿದರು, ಪಾದ್ರಿ ಪ್ರಾರ್ಥಿಸಿದ, ಒಬ್ಬೊಬ್ಬರಾಗಿ ಬಗ್ಗಿ ಹಿಡಿ ಮಣ್ಣು ಹಾಕಿದರು. ನಿಂತಮ್ಮನೂ ಹಾಕಿದಳು. ಕತ್ತರಿಸಿದ ಅಂಗಿಯ ಬೆನ್ನು ಈಗ ಸುಕ್ಕಾಗಿರುತ್ತದೆ ಎಂಬ ಯೋಚನೆ ಬಂತು, ಬೇರೇನೂ ಬರಲಿಲ್ಲ.

ಮೇಷ್ಟ್ರು ಕೋಲೂರಿ ಅವಳ ಪಕ್ಕ ಬಂದು ಡಬ್ಬಿ ಚಾಚಿದರು. "ಕೊಪಿಯಾವೋ. ಇಪ್ಪತ್ತೆರಡೂ ಇದಾವೆ. ಇದು ಅವನ ಕೈಬರಹ, ನಿಮ್ಮ ಮನೇಲಿರ್ಲಿ ಅಂತ ತಂದೆ. ಇನ್ನೊಂದನ್ನ ಅವನು ಕೊಡಲೇ ಇಲ್ಲ ತಾಯಿ. ಅಚ್ಚಾದ ಮೇಲೂ ಕೇಳಿದೆ. ಬೆನ್ನು ಖಾಲಿ ಇದೆ ಸಾರ್ ಅಂತಿದ್ದ. ಎಲ್ಲಿದೆ ಅದು?"

"ಖಾಲೀನೇ ಇದೆ, ತಗೊಳ್ಳಿ" ಎಂದು ನಿಂತಮ್ಮ ಕೈಚೀಲದಿಂದ ಕನ್ನಡಕದ ಡಬ್ಬಿ ತೆಗೆದು ಅವರ ಕೈಗೆ ಹಾಕಿದಳು. ಪೀಡೆ ತೊಲಗಿದರೆ ಸಾಕಿತ್ತು.

ಮೇಷ್ಟ್ರು ಡಬ್ಬಿ ತೆರೆದರು, ಒರೆಸುವ ಬಟ್ಟೆ ಸರಿಸಿದರು, ಹಳದಿಗಟ್ಟಿದ ಚೀಟಿ ಎತ್ತಿದರು. ಕಣ್ಣಿಗೆ ತೀರಾ ಹತ್ತಿರ ಹಿಡಿದು ಮುಖ ನೋಡಿದರು. ಆಮೇಲೆ ತಿರುಗಿಸಿದರು. ಅವರ ಕೋಲು ಮಣ್ಣಿನಲ್ಲಿ ಒಂದಿಂಚು ಇಳಿಯಿತು.

"ತುಂಬಿದೆಯಲ್ಲಮ್ಮ" ಎಂದರು.

ನಿಂತಮ್ಮ ಚೀಟಿಗೆ ಕೈ ಚಾಚಿದಳು. ಪೆನ್ಸಿಲ್ಲು. ಯಾರು ಕೊಟ್ಟರು? ನರ್ಸು ಕೊಟ್ಟಿರಬೇಕು. "ಓದ್ಬೇಡಿ ಮೇಷ್ಟ್ರೇ" ಎಂದಳು. ಅವರಿಗೆ ಕೇಳಿಸಲಿಲ್ಲ. ಬೆನ್ನುಮಾತನ್ನು ಮೊದಲ ಸಲ ಗಟ್ಟಿಯಾಗಿ ಓದುವುದು ಅವರ ಕಚೇರಿಯ ಪದ್ಧತಿ. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡು, ಕಿವುಡರ ದನಿಯಲ್ಲಿ, ಇಡೀ ಸ್ಮಶಾನಕ್ಕೆ ಕೇಳುವಂತೆ ಓದತೊಡಗಿದರು. ಅಚ್ಚಾದ ತಲೆಬರಹ ಒಂದು, ಅದರ ಎದುರು ಸೊಟ್ಟಸೊಟ್ಟಗೆ ಇಳಿದ ಪೆನ್ಸಿಲ್ ಅಕ್ಷರ ಒಂದು.

"ಆಡಿದ ಮಾತು: ದಣಿದು ಹೋಗಿದೀನಿ ರೀ, ಇನ್ನು ನಿಂತ್ಕೊಳ್ಳಕ್ಕಾಗಲ್ಲ."

ಮಾತಾಡುತ್ತಿದ್ದವರು ತಿರುಗಿ ನೋಡಿದರು. ನಾದಿನಿಯ ಬಾಯಿ ತೆರೆದೇ ಉಳಿಯಿತು.

"ಆಡಿದವರು: ಹೆಂಡತಿ.

"ಯಾವ ಕೆಲಸದ ಮೇಲೆ: ನನ್ನ ಪಕ್ಕ ನಿಂತು, ಹನ್ನೊಂದು ದಿನ.

"ಹೇಳಿಸಿದ್ದೋ, ತಾನಾಗಿ ಬಂದದ್ದೋ: ತಾನಾಗಿ.

"ಯಾರ ಮೇಲೆ ದೂರು..." ಮೇಷ್ಟ್ರು ಚೀಟಿಯನ್ನು ಬಿಸಿಲಿಗೆ ಹಿಡಿದರು. "ಇಲ್ಲ."

ನಿಂತಮ್ಮನ ಕೈಯಿಂದ ಚೀಲ ಜಾರಿ ಬಿತ್ತು. ದೂರಿತ್ತು. ಅವಳು ಕೂಗಾಡಿ ಬಂದಿದ್ದಳು. ಜೀವನವಿಡೀ ಬಸ್ ನಿಲ್ದಾಣದ ಒಂದು ಮಾತನ್ನೂ ತಪ್ಪಾಗಿ ಬರೆದುಕೊಳ್ಳದ ಮನುಷ್ಯ ಅದನ್ನು ಬರೆದಿರಲಿಲ್ಲ.

"ಷರಾ ಅಂತ ಒಂದು ಜಾಗ ಇದೆ, ನಾವು ಯಾರೂ ತುಂಬ್ತಿರಲಿಲ್ಲ" ಎಂದರು ಮೇಷ್ಟ್ರು. "ಇವನು ತುಂಬಿದ್ದಾನೆ. ಮಲಗಿರಲಿ, ಎಬ್ಬಿಸಬೇಡಿ. ಹಾಗಂದ್ರೆ ಏನು ತಾಯಿ? ಯಾರನ್ನ ಎಬ್ಬಿಸಬೇಡಿ?"

ಪಾದ್ರಿ ತನ್ನ ಪುಟ್ಟ ಪುಸ್ತಕವನ್ನು ಜೇಬಿಗೆ ಸೇರಿಸಿ ತಲೆ ತಗ್ಗಿಸಿದ. ನಾದಿನಿ ಅತ್ತಿಗೆಯನ್ನೇ ನೋಡುತ್ತ ನಿಂತಳು.

"ಸುಳ್ಳು ಹೇಳ್ಬಿಟ್ಟೆ" ಎಂದಳು ನಿಂತಮ್ಮ ಅವಳಿಗೆ. "ನಾನು ಅಲ್ಲಿರಲಿಲ್ಲ. ಮನೇಲಿ ನಿದ್ದೆ ಮಾಡ್ತಿದ್ದೆ."

ನಾದಿನಿ ಬಗ್ಗಿ, ಬಿದ್ದ ಚೀಲ ಎತ್ತಿಕೊಂಡಳು.

ಗುಂಡಿಯಿಂದ ಹತ್ತು ಹೆಜ್ಜೆಯಲ್ಲಿ, ಮಣ್ಣು ಹಾಕಿದವರು ಕೈ ತೊಳೆಯಲೆಂದು ಒಂದು ನಲ್ಲಿ, ಅದರ ಸುತ್ತ ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ. ನಿಂತಮ್ಮ ಅಲ್ಲಿಗೆ ನಡೆದಳು. ಚಪ್ಪಲಿ ಕಳಚಿದಳು. ಬಾತ ಕಾಲುಗಳನ್ನು ಮುಂದಕ್ಕೆ ಚಾಚಿ, ಒದ್ದೆಯಿದೆಯೋ ಕೆಸರಿದೆಯೋ ನೋಡದೆ, ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟಳು.

ಜನ ಕೈ ತೊಳೆಯಲು ಬಂದರು. ನಲ್ಲಿ ಅವಳ ಬೆನ್ನ ಹಿಂದೆಯೇ ಇತ್ತು. ಯಾರೋ ಒಬ್ಬ, "ಅಮ್ಮ, ಸ್ವಲ್ಪ..." ಎನ್ನುವಷ್ಟರಲ್ಲಿ ನಾದಿನಿ ತುಟಿಗೆ ಬೆರಳಿಟ್ಟಳು. ಅವನು ಅವಳ ಹೆಗಲ ಮೇಲಿಂದ ಕೈ ಚಾಚಿ, ನಲ್ಲಿಯನ್ನು ಸಣ್ಣಗೆ ತಿರುಗಿಸಿ, ಸದ್ದಾಗದಂತೆ ಮಣ್ಣು ತೊಳೆದುಕೊಂಡ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಪಾದ್ರಿ, ಅವನ ಹಿಂದೆ ಹಾಲಿನವನು. ನೀರು ಅವಳ ಬೆನ್ನನ್ನು ನೆನೆಸುತ್ತ ಕಟ್ಟೆಯಿಂದ ಇಳಿದು ಅವಳ ಪಾದಗಳ ಕೆಳಗೆ ಹರಿಯಿತು. ಸಾಲು ಕರಗುವ ತನಕ, ಕರಗಿದ ಮೇಲೂ, ನಿಂತಮ್ಮ ಕೂತಿದ್ದಳು.